ಒಂದೆಳೆ

ಮೂರು ತಿಂಗಳಿಗೊಮ್ಮೆ
ತೈಚುಂಗಿನ ಆರನೇ ಮಹಡಿಯಲ್ಲಿ ಕೂತು
ಮಾರುಕಟ್ಟೆಯ ನಾಡಿ ಹಿಡಿಯುವುದು ನನ್ನ ಕಸುಬು.
ಎಡಗಡೆ ಹಾಳೆಗೆ ಬಾಯ್ಲರು, ಟರ್ಬೈನು, ಟ್ರಾನ್ಸ್‌ಫಾರ್ಮರು;
ಬಲಗಡೆಯದಕ್ಕೆ ಕೈಗವಸು, ಮುಸುಕು, ಒರೆಸುವ ಬಟ್ಟೆ.
ಒಂದನ್ನು ಕ್ರೇನಿಗೆ ನೇತುಹಾಕಿ ಮಾರುತ್ತಾರೆ,
ಇನ್ನೊಂದನ್ನು ಎರಡೆರಡು ಚೀಲದೊಳಗೆ ಉಸಿರು ಕಟ್ಟಿಸಿ.

ಈ ಸಲ ಎಡಗಡೆಗೆ ಜ್ವರ.
ಹೊಸ ಟರ್ಬೈನು ಬೇಕೆಂದು ಇವತ್ತು ಮುಂಗಡ ಕೊಟ್ಟವನ
ಮಡಿಲ ಕೂಸು ಶಾಲೆ ಸೇರಿ
ಮಗ್ಗಿ ಒಪ್ಪಿಸಿ, ಮುಂದಿನ ಹಲ್ಲು ಉದುರಿಸಿಕೊಂಡ ಮೇಲೆ
ಹಡಗು ಬರುತ್ತದೆ.
ಕಾಯಲಾರದವರು ಫೋನು ಮಾಡುತ್ತಾರೆ:
"ನಿಂತದ್ದಾದರೂ ಸರಿ, ತುಕ್ಕು ಹಿಡಿದದ್ದಾದರೂ ಸರಿ,
ರೋಟರು ನೆಟ್ಟಗಿದೆಯೇ? ಅಷ್ಟು ಹೇಳಿ ಸಾಕು."

ಹಾಗೆ ಹೋದದ್ದು ನಾನು
ಕಡಲಂಚಿನ ಆ ಮುಚ್ಚಿದ ಸ್ಥಾವರಕ್ಕೆ.
ಹೋದ ವರ್ಷ ಗುಜರಿಯವ ಕಿಲೋ ಲೆಕ್ಕದಲ್ಲಿ ಬೆಲೆ ಕಟ್ಟಿ
ಅದಕ್ಕೂ ಚೌಕಾಸಿ ಮಾಡಿ ಬಿಟ್ಟುಹೋಗಿದ್ದ.
ಈಗ ಅದೇ ಕಬ್ಬಿಣದ ಮುಂದೆ ಮೂರು ದೇಶದ ದಲ್ಲಾಳಿಗಳು
ಬೂಟು ಒರೆಸಿಕೊಂಡು ನಿಂತಿದ್ದಾರೆ.
ಆನೆ ಇದ್ದರೂ ಲಕ್ಷ, ಸತ್ತರೂ ಲಕ್ಷ ಅನ್ನುತ್ತಾರಲ್ಲ,
ಇದು ಸತ್ತ ಮೇಲೇ ಲಕ್ಷ.

ನಿವೃತ್ತ ಫಿಟ್ಟರು ಲ್ಯಾವ್ ತ್ಯಾನ್‌ಫೂನನ್ನು
ಮನೆಯಿಂದ ಕರೆಸಿದ್ದರು.
ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೂ
ತುದಿಯನ್ನು ಬೇರಿಂಗಿನ ಕವಚಕ್ಕೂ ಇಟ್ಟು
"ತಿರುಗಿಸಿ" ಅಂದ.
ನಾಲ್ಕು ಜನ ಸೇರಿ ತಿರುಗಿಸಿದರು.
ದಲ್ಲಾಳಿಗಳು ಕೆಮ್ಮಲೂ ಇಲ್ಲ.
ಅವನೊಬ್ಬ ಕೆಮ್ಮಿದ, ಆಮೇಲೆ
"ಬದುಕುತ್ತದೆ" ಅಂದ.
ಆ ಒಂದು ಮಾತಿಗೆ ಬಿದ್ದ ಬೆಲೆಯಲ್ಲಿ
ಅವನ ಕೂಲಿ ಎಷ್ಟೆಂದು ನಾನು ಕೇಳಲಿಲ್ಲ.

ಸಂಜೆ ನನ್ನ ಕಾರಿನಲ್ಲೇ
ಅವನ ಅಕ್ಕ ಬೀಶ್ಯಾಳ ಊರು, ಶೆತೋವ್‌ಗೆ.
ನನಗೂ ಅಲ್ಲೇ ಕೆಲಸ: ಬಲಗಡೆ ಹಾಳೆ.

ಸಾವಿರಾರು ಕಾಲುಗಳಿಗೆ ಕಾಲುಚೀಲ ಹೆಣೆದ ಯಂತ್ರಗಳು
ಈಗ ಅಲ್ಲಿ ಬಿಳೀ ಚೌಕ ಹೆಣೆಯುತ್ತವೆ,
ಚಿಪ್ಪಿನ ಕಾರ್ಖಾನೆಗಳ ಮಡಿಕೋಣೆಗಳಿಗೆ.
ನೂಲು ಬಿಡದ ಹಾಗೆ ಅಂಚನ್ನು ಬೆಳಕಿನಿಂದ ಸುಟ್ಟು,
ಎರಡು ಸಲ ತೊಳೆದು, ಬೆರಳು ತಾಗಿಸದೆ ಮಡಿಸಿ.
ದೂಳಿನ ಲೆಕ್ಕ ಬೆಳೆಯುತ್ತಿದೆ, ಬಟ್ಟೆಯ ಬೆಲೆ ಇಳಿಯುತ್ತಿದೆ.
ನಲವತ್ತು ಪೆಟ್ಟಿಗೆ ಹಿಂದಕ್ಕೆ ಬಂದು ಮೆಟ್ಟಿಲವರೆಗೂ ಪೇರಿಸಿವೆ.
ಕಾರಣದ ಜಾಗದಲ್ಲಿ: ಎಳೆ, ಒಂದು.
ಜೊತೆಗೊಂದು ಫೋಟೋ,
ಭೂತಗನ್ನಡಿಯಲ್ಲಿ ಹಿಗ್ಗಿ ಹಡಗಿನ ಹಗ್ಗದಷ್ಟಾಗಿದೆ.

ಬೀಶ್ಯಾ ಕನ್ನಡಕ ಹಣೆಗೇರಿಸಿ, ಮತ್ತೆ ಇಳಿಸಿ,
"ಬುಡ ಬಿಳಿ, ತುದಿ ಕಪ್ಪು" ಅಂದಳು.
"ಹೊಸ ವರ್ಷಕ್ಕೆ ಬಣ್ಣ ಹಚ್ಚಿಕೊಂಡಿದ್ದೆ. ನನ್ನದೇ."
ಟೋಪಿ, ಮುಸುಕು, ಗಾಳಿಯ ಸ್ನಾನ, ಎಲ್ಲ ದಾಟಿ ಹೇಗೋ ಬಿದ್ದಿತ್ತು.
ನಗು ಬಂತು ಅವಳಿಗೆ:
"ಐವತ್ತು ವರ್ಷ ಹೆಣೆದೆ,
ನನ್ನನ್ನು ಇಷ್ಟು ಹತ್ತಿರದಿಂದ ಯಾರೂ ನೋಡಿರಲಿಲ್ಲ."

ತಮ್ಮ ಕುರ್ಚಿಯಿಂದಲೇ ಹೇಳಿದ:
"ನನ್ನ ಎದೆಯದನ್ನೂ ಹೀಗೇ ಫೋಟೋ ತೆಗೆದರು.
ತುಂಬ ದೂಳಿತ್ತು.
ಅದನ್ನು ಯಾರೂ ವಾಪಸು ಕಳಿಸಲಿಲ್ಲ."

ಯಾರೂ ಏನೂ ಅನ್ನಲಿಲ್ಲ.
ಅವಳು ಒಂದು ಪೆಟ್ಟಿಗೆ ಹರಿದು
ಒಳಚೀಲ, ಅದರೊಳಗಿನ ಚೀಲ ಹರಿದು
ಲೋಕದ ಅತಿ ಶುದ್ಧ ಬಟ್ಟೆಯಲ್ಲಿ
ಮೂರು ಸೀಬೆಹಣ್ಣು ಒರೆಸಿದಳು.
ಗಟ್ಟಿ, ಹಸಿರು, ಉಪ್ಪು ಹಚ್ಚಿ ತಿಂದೆವು.
ಬೀಜ ಹಲ್ಲಿಗೆ ಸಿಕ್ಕಿತು.

ಹೊರಡುವಾಗ ತ್ಯಾನ್‌ಫೂ ಎರಡು ಪೆಟ್ಟಿಗೆ ಹೊತ್ತು ತಂದ.
"ಆ ರೋಟರಿನ ಕುತ್ತಿಗೆ ಒರೆಸಬೇಕು ನಾಳೆ,
ಅದಕ್ಕೆ ಒಂದು ಕೂದಲು ಏನೂ ಮಾಡದು."
ಅಕ್ಕ ಚೀಟಿ ಬರೆದಳು, ಪೂರ್ತಿ ಬೆಲೆಗೆ.
ತಮ್ಮನೂ ಎಣಿಸಿ ಕೊಟ್ಟ.

ರಾತ್ರಿ ವರದಿ ತೆರೆದೆ.
ಎಡಗಡೆ ಬಾಣ ಮೇಲಕ್ಕೆ, ಬಲಗಡೆಯದು ಕೆಳಕ್ಕೆ.
ಎರಡು ಪೆಟ್ಟಿಗೆ ಯಾವ ಹಾಳೆಗೆ ಸೇರುತ್ತವೆಂದು ತಿಳಿಯದೆ
ಕನ್ನಡಕ ಒರೆಸಿಕೊಂಡೆ,
ಜೇಬಿನಲ್ಲಿ ಉಳಿದ ಚೌಕದಿಂದ.